ದುಬಾರಿ ಇಲೆಕ್ಟ್ರಿಕ್ ಸ್ಕೂಟರ್ ಮತ್ತು ನಮ್ಮೂರ ಚಡಾವು

ಒಂದು ಲಕ್ಷದ ಇಲೆಕ್ಟ್ರಿಕ್ ಸ್ಕೂಟರಿಗೂ ಒಂದೂಮುಕ್ಕಾಲು ಲಕ್ಷದ್ದಕ್ಕೂ ಕಿಲೋಮೀಟರಿಗೆ ತಗಲುವ ಕರೆಂಟಿನ ಖರ್ಚು ಹೆಚ್ಚುಕಡಿಮೆ ಒಂದೇ. ಹಾಗಾಗಿ "ಪೆಟ್ರೋಲ್ ಉಳಿಯುತ್ತದಲ್ಲ" ಎಂಬ ಮಾತು ಪೆಟ್ರೋಲ್ ಗಾಡಿ ಬಿಟ್ಟು ಇಲೆಕ್ಟ್ರಿಕ್ ತೆಗೆದುಕೊಳ್ಳುವುದಕ್ಕೆ ಸಾಕು, ಅದರ ಮೇಲೆ ಕೊಡುವ ಎಪ್ಪತ್ತೈದು ಸಾವಿರಕ್ಕೆ ಸಾಲದು. ಆ ದುಡ್ಡಿಗೆ ಬೇರೆ ಲೆಕ್ಕ ಬೇಕು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ರಸ್ತೆಗಳಲ್ಲಿ ಎರಡೂ ಬಗೆಯ ಗಾಡಿ ಓಡಿಸಿ, ಪ್ಲಗ್ಗಿಗೆ ಎನರ್ಜಿ ಮೀಟರ್ ಸಿಕ್ಕಿಸಿ ಅಳೆದ ಮೇಲೆ ನನಗೆ ಸಿಕ್ಕ ಉತ್ತರ: ದುಡ್ಡು ವಾಪಸು ಬರುವುದಿದ್ದರೆ ಚಡಾವಿನಲ್ಲಿ, ಅಂದರೆ ಏರುರಸ್ತೆಯಲ್ಲಿ ಬರುತ್ತದೆ. ಗಂಟೆಗೆ 100 ಕಿ.ಮೀ. ಎಂದು ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಾರಲ್ಲ, ಅದರಿಂದ ಬರುವುದು ಬಹಳ ಕಡಿಮೆ.

ಚಡಾವಿನ ಲೆಕ್ಕ ಇದು. ಸ್ಕೂಟರಿನ ತೂಕ 115 ಕಿಲೋ, ಓಡಿಸುವವರು 70, ಹಿಂದೆ ಕೂತವರು 65. ಒಟ್ಟು 250 ಕಿಲೋ. ಹತ್ತು ಮೀಟರ್ ಹೋಗುವಷ್ಟರಲ್ಲಿ ಒಂದು ಮೀಟರ್ ಏರುವ ರಸ್ತೆ ಎಂದಿಟ್ಟುಕೊಳ್ಳಿ. ದರೆ ಕಡಿದು ಮಾಡಿದ ನಮ್ಮ ಪಂಚಾಯತು ಕಾಂಕ್ರೀಟು ರಸ್ತೆಗಳಲ್ಲಿ ಇದಕ್ಕಿಂತ ಕಡಿದಾದವು ಎಷ್ಟೋ ಇವೆ. ಗುರುತ್ವ ಒಂದೇ ಸುಮಾರು 245 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಟಯರು ಉರುಳುವ ತಡೆ 35-40. 40 ಕಿ.ಮೀ. ವೇಗದಲ್ಲಿ ಗಾಳಿಯದ್ದು ಇನ್ನೊಂದು 40. ಒಟ್ಟು 320 ನ್ಯೂಟನ್. ಸೆಕೆಂಡಿಗೆ 11.1 ಮೀಟರಿನಿಂದ ಗುಣಿಸಿದರೆ ಚಕ್ರದಲ್ಲಿ ಮೂರೂವರೆ ಕಿಲೋವಾಟ್ ಬೇಕು. ಮೋಟಾರು, ಕಂಟ್ರೋಲರಿನ ನಷ್ಟ ಸೇರಿಸಿದರೆ ಬ್ಯಾಟರಿ ಕೊಡಬೇಕಾದದ್ದು ನಾಲ್ಕಕ್ಕೂ ಮೇಲೆ. ಅದೇ ಚಡಾವನ್ನು 25ರಲ್ಲಿ ಹತ್ತಿದರೆ ಚಕ್ರದಲ್ಲಿ ಎರಡು ಕಿಲೋವಾಟ್ ಸಾಕು. ಗಾಡಿ ಹತ್ತುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಹೆಚ್ಚಾಗಿ ಏಳುವುದಿಲ್ಲ. ಯಾವ ವೇಗದಲ್ಲಿ ಹತ್ತುತ್ತದೆ, ಹಿಂದಿನ ಜೀಪಿನವರು ಹಾರ್ನ್ ಹೊಡೆಯದಂತೆ ಹತ್ತುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಲೈಸೆನ್ಸ್ ಬೇಡದ 250 ವಾಟ್ ಗಾಡಿಗಳನ್ನು ಮಾತ್ರ ನಮ್ಮ ಗುಡ್ಡೆಗಳಿಗೆ ಯೋಚಿಸಲೇಬೇಡಿ.

ಈಗ ಕಂಪೆನಿಗಳು ಹೇಳುವ ಗರಿಷ್ಠ ಶಕ್ತಿ ನೋಡಿ. ಟಿವಿಎಸ್ ಐಕ್ಯೂಬ್ 4.4 ಕಿಲೋವಾಟ್, ಏಥರ್ ರಿಜ್ಟಾ 4.3, ಏಥರ್ 450ಎಕ್ಸ್ 6.4, ರಿವರ್ ಇಂಡಿ 6.7, ಏಥರ್ 450 ಅಪೆಕ್ಸ್ 7, ಟಿವಿಎಸ್ ಎಕ್ಸ್ 11. ಗರಿಷ್ಠ ಎಂದರೆ ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲದ್ದು. ತಡೆಯಿಲ್ಲದೆ ಕೊಡಬಲ್ಲ ಶಕ್ತಿ ಅದಕ್ಕಿಂತ ಸಾಕಷ್ಟು ಕಡಿಮೆ. ಅದನ್ನು ಮೀರಿ ಎಳೆಸಿದರೆ ತಾಮ್ರದ ಸುರುಳಿ ಬಿಸಿಯಾಗುತ್ತದೆ, ಕಂಟ್ರೋಲರ್ ತಾನಾಗಿ ಕರೆಂಟು ಇಳಿಸುತ್ತದೆ, ಪೂರ್ತಿ ರೇಸ್ ಕೊಟ್ಟರೂ ಗಾಡಿ ತೆವಳುತ್ತದೆ. 4.4ರ ಗಾಡಿಗೆ ಇಬ್ಬರನ್ನು ಹೊತ್ತು ಶೇ. 10ರ ಏರನ್ನು 40ರಲ್ಲಿ ಹತ್ತುವುದು ತನ್ನ ಗರಿಷ್ಠದ ಹತ್ತಿರದ ಕೆಲಸ. 6.4ರ ಗಾಡಿಗೆ ಅದು ಮೂರನೇ ಎರಡು ಪಾಲಿನ ಕೆಲಸ. ನೀವು ಕೊಡುವ ಹೆಚ್ಚಿನ ಬೆಲೆಯ ನಿಜವಾದ ತಿರುಳು ಈ ಅಂತರದಲ್ಲಿದೆ.

ಮೋಟಾರು ಕೂತ ಜಾಗವೂ ಮುಖ್ಯ. ಹಬ್ ಮೋಟಾರು ಹಿಂದಿನ ಚಕ್ರದ ಒಳಗೇ ಇರುವುದರಿಂದ ಚಕ್ರದಷ್ಟೇ ನಿಧಾನಕ್ಕೆ ತಿರುಗುತ್ತದೆ. ನಿಧಾನಕ್ಕೆ ತಿರುಗಿ ಹೆಚ್ಚು ಬಲ ಕೊಡಬೇಕೆಂದರೆ ಹೆಚ್ಚು ಕರೆಂಟು ಬೇಕು. ಕರೆಂಟು ಎರಡು ಪಟ್ಟಾದರೆ ಸುರುಳಿಯ ಬಿಸಿ ನಾಲ್ಕು ಪಟ್ಟು. ಚಡಾವಿನಲ್ಲಿ ವೇಗ ಕಡಿಮೆ, ಬೀಸುವ ಗಾಳಿಯೂ ಕಡಿಮೆ, ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ನಡುವೆ ಕೂರಿಸಿ ಬೆಲ್ಟು ಅಥವಾ ಗೇರಿನಿಂದ ಚಕ್ರ ತಿರುಗಿಸುವ ಮೋಟಾರು ಜೋರಾಗಿ ಸುತ್ತುತ್ತದೆ, ಅದೇ ಬಲಕ್ಕೆ ಕಡಿಮೆ ಕರೆಂಟು ಕೇಳುತ್ತದೆ. ಹಾಗೆಂದು ಹಬ್ ಕೆಟ್ಟದ್ದೆಂದಲ್ಲ. ಅದಕ್ಕೆ ಬೆಲ್ಟಿನ ರಗಳೆ ಇಲ್ಲ, ಸದ್ದೂ ಕಡಿಮೆ. ಮನೆಯಿಂದ ಮುಖ್ಯ ರಸ್ತೆಗೆ ಇನ್ನೂರು ಮೀಟರಿನ ಒಂದೇ ಏರು, ಆಮೇಲೆ ಸಮತಟ್ಟು ಎಂದಾದರೆ ಮೋಟಾರು ಬಿಸಿಯಾಗುವಷ್ಟರಲ್ಲಿ ಏರು ಮುಗಿದಿರುತ್ತದೆ. ಕುಂಬಳೆ, ಉಪ್ಪಳ, ಮಂಜೇಶ್ವರದ ಹೆದ್ದಾರಿ ಬದಿಯವರು ಹೆಚ್ಚಿನವರೂ ಈ ಗುಂಪಿನವರು. ಅವರಿಗೆ ದುಬಾರಿ ಗಾಡಿ ಶೋಕಿಗೆ ಮಾತ್ರ.

ಇದನ್ನು ಶೋರೂಮಿನವರ ಬಾಯಿಂದ ತಿಳಿಯಲಾಗುವುದಿಲ್ಲ. ಟೆಸ್ಟ್ ರೈಡಿಗೆ ಅವರು ಕೊಡುವುದು ಸಮತಟ್ಟಾದ ರಸ್ತೆಯಲ್ಲಿ ಎರಡು ಕಿಲೋಮೀಟರ್, ಅದೂ ಒಬ್ಬರೇ, ಅದೂ ತುಂಬಿದ ಬ್ಯಾಟರಿಯಲ್ಲಿ. ನಾನು ಪರೀಕ್ಷಿಸುವ ಕ್ರಮ ಬೇರೆ. ಬ್ಯಾಟರಿ ಶೇ. 25ಕ್ಕೆ ಇಳಿದಿರುವ ಗಾಡಿ ಕೇಳಿ. ಸಂಜೆ ಹೊತ್ತಿಗೆ ಹೋದರೆ ಟೆಸ್ಟ್ ಗಾಡಿ ಹೇಗೂ ಅಷ್ಟಕ್ಕೆ ಬಂದಿರುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ನಿಮಗೆ ಗೊತ್ತಿರುವ ಚಡಾವಿನ ನಡುಮಧ್ಯದಲ್ಲಿ ಪೂರ್ತಿ ನಿಲ್ಲಿಸಿ, ಬ್ರೇಕ್ ಬಿಟ್ಟು ಹೊರಡಿ. ಹಿಂದಕ್ಕೆ ಜಾರದಂತೆ ಹಿಡಿಯುವ ವ್ಯವಸ್ಥೆ ಇದ್ದರೆ ಆಗಲೇ ಗೊತ್ತಾಗುತ್ತದೆ. ಹೀಗೆ ನಾಲ್ಕು ಸಲ, ನಡುವೆ ವಿಶ್ರಾಂತಿ ಕೊಡದೆ. ಮೊದಲ ಸಲಕ್ಕೂ ನಾಲ್ಕನೆಯದಕ್ಕೂ ಮೇಲೆ ತಲುಪುವಾಗಿನ ವೇಗದಲ್ಲಿ ಐದು ಕಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಗಾಡಿಗೆ ನಿಮ್ಮ ರಸ್ತೆ ಭಾರ. ಚಾರ್ಜು ಕಡಿಮೆ ಇರುವಾಗಲೇ ನೋಡಬೇಕೆನ್ನಲು ಕಾರಣವಿದೆ: ಬ್ಯಾಟರಿ ಇಳಿದಂತೆ ವೋಲ್ಟೇಜ್ ಕುಸಿಯುತ್ತದೆ, ಅದೇ ಶಕ್ತಿಗೆ ಹೆಚ್ಚು ಕರೆಂಟು ಎಳೆಯಬೇಕಾಗುತ್ತದೆ, ಸೆಲ್ಲುಗಳನ್ನು ಕಾಯಲು ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟು) ಅದಕ್ಕೆ ಮಿತಿ ಹಾಕುತ್ತದೆ. ಬೆಳಗ್ಗೆ ಸಿಂಹದಂತಿದ್ದ ಗಾಡಿ ಸಂಜೆ ಮನೆ ಏರಿನಲ್ಲಿ ಮುದುಡುವುದು ಇದರಿಂದಲೇ.

ಚಡಾವು ಹತ್ತಿದರೆ ಚಾರ್ಜು ಬೇಗ ಮುಗಿಯುತ್ತದೆ ಎಂಬ ಭಯ ಅರ್ಧ ಸುಳ್ಳು. 250 ಕಿಲೋವನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬೇಕಾದದ್ದು 68 ವಾಟ್-ಅವರ್, ನಷ್ಟ ಸೇರಿ 80. (ಸಾವಿರ ವಾಟ್-ಅವರ್ ಎಂದರೆ ಒಂದು ಯೂನಿಟ್.) ಸಂಪಾಜೆಯಿಂದ ಮಡಿಕೇರಿಗೆ ಸುಮಾರು ಸಾವಿರ ಮೀಟರ್ ಏರು. ಅದಕ್ಕೆ ಹೆಚ್ಚುವರಿಯಾಗಿ ಖರ್ಚಾಗುವುದು ಮುಕ್ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಚಾರ್ಜು ತಿನ್ನುವುದು ವೇಗ. ಒಬ್ಬರೇ ಸಮತಟ್ಟಿನಲ್ಲಿ ಹೋಗುವಾಗ 40ರಲ್ಲಿ ಕಿಲೋಮೀಟರಿಗೆ 22 ವಾಟ್-ಅವರ್, 60ರಲ್ಲಿ 38, 80ರಲ್ಲಿ 60ರ ಮೇಲೆ. 3.7 ಕಿಲೋವಾಟ್-ಅವರ್ ಬ್ಯಾಟರಿಯಲ್ಲಿ ಬಳಕೆಗೆ 3.3 ಸಿಗುತ್ತದೆಂದು ಹಿಡಿದರೆ ಕ್ರಮವಾಗಿ 150, 87, 55 ಕಿ.ಮೀ. ಹೊಸ ಆರು ಲೇನಿನ ಹೆದ್ದಾರಿಯಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಒಂದೇ ಸಮನೆ 80ರಲ್ಲಿ ಹೋದರೆ ತಲುಪುವಾಗ ಬ್ಯಾಟರಿ ಬರಿದು, 55ರಲ್ಲಿ ಹೋದರೆ ಹೋಗಿ ಬಂದೂ ಆಗುವಷ್ಟರ ಹತ್ತಿರ. ವೇಗಕ್ಕೆಂದು ದುಡ್ಡು ಕೊಟ್ಟವರು ರೇಂಜಿಗೆ ಹೆದರಿ ನಿಧಾನಕ್ಕೆ ಹೋಗುವ ತಮಾಷೆ ಇದೇ ರಸ್ತೆಯಲ್ಲಿ ಕಾಣಸಿಗುತ್ತದೆ.

ಆದ್ದರಿಂದ ಬೆಲೆಯನ್ನು ಎರಡಾಗಿ ಸೀಳಿ ನೋಡಿ: ಬ್ಯಾಟರಿಯ ಗಾತ್ರಕ್ಕೆ ಎಷ್ಟು, ಮೋಟಾರಿನ ಶಕ್ತಿಗೆ ಎಷ್ಟು. 450ಎಕ್ಸ್ 2.9 ಕಿಲೋವಾಟ್-ಅವರ್ ಬ್ಯಾಟರಿಯಲ್ಲೂ ಸಿಗುತ್ತದೆ, 3.7ರಲ್ಲೂ ಸಿಗುತ್ತದೆ, ಐಕ್ಯೂಬ್ 2.2ರಿಂದ ಐದರ ಮೇಲಿನವರೆಗೂ ಇದೆ. ದಿನಕ್ಕೆ 40 ಕಿ.ಮೀ. ಗುಡ್ಡೆ ರಸ್ತೆ ಓಡಿಸುವವರಿಗೆ ಸಣ್ಣ ಬ್ಯಾಟರಿಯ ಶಕ್ತಿವಂತ ಗಾಡಿ ಒಳ್ಳೆಯದು, 80 ಕಿ.ಮೀ. ಸಮತಟ್ಟಿನವರಿಗೆ ದೊಡ್ಡ ಬ್ಯಾಟರಿಯ ಸಾಧು ಗಾಡಿ. ಮೂರನೆಯ ಪಾಲೂ ಒಂದಿದೆ: ಪರದೆ, ನಕ್ಷೆ, ಹಾಡು, ಆ್ಯಪ್. ಕೆಲವನ್ನು ಬೇರೆ ಪ್ಯಾಕ್ ಮಾಡಿ ಮಾರುತ್ತಾರೆ. ಬಿಲ್ಲಿಗೆ ಸಹಿ ಹಾಕುವ ಮೊದಲು ಯಾವುದು ಒಳಗಿದೆ, ಯಾವುದು ಹೊರಗಿದೆ ಎಂದು ಸಾಲು ಸಾಲು ಕೇಳಿ.

ಚಾರ್ಜಿಂಗ್ ಪಾಯಿಂಟಿನ ಕೆಲಸ ಗಾಡಿ ಬರುವ ಮೊದಲೇ ಮುಗಿಸಿ. ಮುಖ್ಯ ಬೋರ್ಡಿನಿಂದ ನೇರವಾಗಿ 2.5 ಚದರ ಮಿ.ಮೀ. ತಾಮ್ರದ ವಯರು, 16 ಆಂಪಿಯರ್ ಎಂಸಿಬಿ (ಹೊರೆ ಮೀರಿದರೆ ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿಯುವ ಸ್ವಿಚ್ಚು), ಮೂರು ಪಿನ್ನಿನ 16 ಆಂಪಿಯರ್ ಸಾಕೆಟ್. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಐದಾರು ಗಂಟೆ ಎಡೆಬಿಡದೆ ಓಡಿದರೆ ಮೊದಲು ಕರಗುವುದು ಪಿನ್ನಿನ ಬುಡ. ನಮ್ಮಲ್ಲಿ ಹೆಚ್ಚಾಗಿ ಬರುವ ದೂರು ಮಾರ್ಚಿ-ಎಪ್ರಿಲಿನಲ್ಲಿ ಚಾರ್ಜರು ಅರ್ತಿಂಗ್ ದೋಷ ತೋರಿಸಿ ನಿಲ್ಲುವುದು. ಗಾಡಿಯಲ್ಲಿ ತೊಂದರೆ ಇರುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಬೇಸಿಗೆಗೆ ಒಣಗಿದಾಗ ಅರ್ತಿನ ತಡೆ ಏರುತ್ತದೆ. ಅರ್ತಿನ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹಾಕಿದರೆ ಹೆಚ್ಚಿನ ಕಡೆ ಸರಿಹೋಗುತ್ತದೆ. ಹೋಗದಿದ್ದರೆ ಗುಂಡಿ ತೆಗೆದು ಇದ್ದಿಲು, ಉಪ್ಪು ಹೊಸದಾಗಿ ತುಂಬಿಸಬೇಕು. ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ ಸಂಜೆ ಆರರಿಂದ ಹತ್ತರವರೆಗೆ ವೋಲ್ಟೇಜು ಬೀಳುತ್ತದೆ, ಚಾರ್ಜರು ನಿಂತು ನಿಂತು ಓಡುತ್ತದೆ. ಹತ್ತರ ಮೇಲೆ ಹಾಕಿ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆ ಗುಡುಗು ಶುರುವಾದರೆ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗೇ ಕಳಚಬೇಕು.

ಕರೆಂಟು ಬಿಲ್ಲಿನಲ್ಲಿ ಒಂದು ಗುಂಡಿ ಇದೆ, ನೋಡಿಕೊಂಡು ನಡೆಯಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ ಚಾರ್ಜರಿನ ಶೇ. 10-12 ನಷ್ಟ ಸೇರಿ ಸುಮಾರು 40 ಯೂನಿಟ್. ಕೇರಳದ ವಿದ್ಯುತ್ ಮಂಡಳಿ ಕೆಎಸ್ಇಬಿಯಲ್ಲಿ ಮನೆ ಬಳಕೆ ತಿಂಗಳಿಗೆ 250 ಯೂನಿಟ್ ಒಳಗಿದ್ದರೆ ಮಾತ್ರ ಮೆಟ್ಟಿಲು ಮೆಟ್ಟಿಲಾದ ದರ. ದಾಟಿದರೆ ಮೊದಲ ಯೂನಿಟ್ಟಿನಿಂದಲೇ ಒಂದೇ ಎತ್ತರದ ದರ. ಎರಡು ತಿಂಗಳ ಬಿಲ್ಲು 430-450 ಯೂನಿಟ್ ಬರುತ್ತಿರುವ ಮನೆಗಳು ಸ್ಕೂಟರ್ ಬಂದ ಕೂಡಲೇ 500 ದಾಟುತ್ತವೆ, ಆಮೇಲೆ ಗಾಡಿಯನ್ನು ಬೈಯುತ್ತಾರೆ. ಮೇಲಿನ ಮೆಟ್ಟಿಲಿನ ಎಂಟೂವರೆ ರೂಪಾಯಿಯಂತೆ ಹಿಡಿದರೂ ಕಿಲೋಮೀಟರಿಗೆ 34 ಪೈಸೆ. ಲೀಟರಿಗೆ 45 ಕೊಡುವ ಪೆಟ್ರೋಲ್ ಗಾಡಿಗೆ ಎರಡೂಕಾಲು ರೂಪಾಯಿಯ ಮೇಲೆ. ತಲಪಾಡಿ ದಾಟಿ ಕರ್ನಾಟಕದ ಬಂಕಿನಲ್ಲಿ ತುಂಬಿಸುವವರಿಗೆ ತುಸು ಕಡಿಮೆ.

ಗುಡ್ಡೆಯ ನೆತ್ತಿಯಲ್ಲಿ ಮನೆಯಿರುವವರು ರಾತ್ರಿ ಶೇ. 100 ಚಾರ್ಜು ಮಾಡಬೇಡಿ, 85-90ಕ್ಕೆ ನಿಲ್ಲಿಸಿ. ತುಂಬಿದ ಬ್ಯಾಟರಿಗೆ ಇಳಿಜಾರಿನ ಶಕ್ತಿ ಹಿಂದಕ್ಕೆ ಹೋಗಲು ಜಾಗವಿಲ್ಲ. ರೀಜನ್ (ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ಚಾರ್ಜು ಕೊಡುವ ವ್ಯವಸ್ಥೆ) ಕೆಲಸ ಮಾಡುವುದಿಲ್ಲ, ರೇಸ್ ಬಿಟ್ಟರೆ ಎಂದಿನಂತೆ ಹಿಡಿಯದೆ ಗಾಡಿ ಓಡುತ್ತದೆ, ಅಭ್ಯಾಸವಾದವರು ಮೊದಲ ತಿರುವಿನಲ್ಲಿ ಬೆಚ್ಚುತ್ತಾರೆ. ಮಳೆಗಾಲದಲ್ಲಿ ಇದರದ್ದೇ ಇನ್ನೊಂದು ಮುಖ: ರೀಜನ್ ಹಿಡಿಯುವುದು ಹಿಂದಿನ ಚಕ್ರವನ್ನು ಮಾತ್ರ, ಪಾಚಿ ಹಿಡಿದ ಕಾಂಕ್ರೀಟಿನಲ್ಲಿ ಅದು ಜಾರುತ್ತದೆ. ಶಕ್ತಿವಂತ ಗಾಡಿಯ ರೀಜನ್ ಬಲವಾದದ್ದು, ಜಾರುವುದೂ ಬೇಗ. ಜೂನಿನಿಂದ ಸೆಪ್ಟೆಂಬರಿನವರೆಗೆ ಅದನ್ನು ಕನಿಷ್ಠಕ್ಕೆ ಇಳಿಸಿ, ಇಕೋ ಮೋಡಿನಲ್ಲಿ ಓಡಿಸುವುದೇ ಸರಿ.

ದುಬಾರಿ ಗಾಡಿಗೆ ಸವಕಳಿಯೂ ದುಬಾರಿ. ಪಿಕಪ್ ಹೆಚ್ಚಿದಷ್ಟೂ ಹಿಂದಿನ ಟಯರು ಬೇಗ ಹೋಗುತ್ತದೆ. ಸ್ಪೋರ್ಟ್ ಮೋಡಿನಲ್ಲೇ ಓಡಿಸಿದರೆ ಹತ್ತು-ಹನ್ನೆರಡು ಸಾವಿರ ಕಿ.ಮೀ.ಗೆ ಬದಲಿಸಬೇಕಾಗಿ ಬಂದಿದೆ. ಬೆಲ್ಟಿನ ಹಲ್ಲಿಗೆ ಮುರಮಣ್ಣಿನ ಹರಳು ಸಿಕ್ಕಿದರೆ ಕಿರ್ರೆನ್ನುವ ಸದ್ದು ಬರುತ್ತದೆ. ಗಾಡಿ ಆರಿಸಿ ಬ್ರಶ್ಶಿನಿಂದ ತೆಗೆಯಿರಿ, ಎಣ್ಣೆ ಹಚ್ಚಬೇಡಿ. ಎಣ್ಣೆಗೆ ಮಣ್ಣು ಇನ್ನಷ್ಟು ಅಂಟುತ್ತದೆ. ಹಬ್ ಮೋಟಾರಿನವರಿಗೆ ಬೇರೆ ಪಜೀತಿ: ಹಿಂದಿನ ಚಕ್ರ ಬಿಚ್ಚಲು ಮೋಟಾರಿನ ವಯರು ಕಳಚಬೇಕು, ಪೇಟೆಯ ಪಂಕ್ಚರ್ ಅಂಗಡಿಯವರು ಮುಟ್ಟಲು ಹಿಂಜರಿಯುತ್ತಾರೆ. ಚಕ್ರ ಬಿಚ್ಚದೆ ಟ್ಯೂಬ್‌ಲೆಸ್ ಪ್ಲಗ್ ಹಾಕುವ ಕಿಟ್ಟು ಸೀಟಿನ ಕೆಳಗೆ ಇಟ್ಟುಕೊಳ್ಳಿ.

ವಿಮೆಯನ್ನು ಮರೆಯುವವರೇ ಹೆಚ್ಚು. ಮೂರನೇ ವ್ಯಕ್ತಿಯ ವಿಮೆ ಇಲೆಕ್ಟ್ರಿಕ್ ಗಾಡಿಗಳಿಗೆ ಕಿಲೋವಾಟಿನ ಮೇಲೆ ನಿಗದಿ: 2022ರ ದರದಂತೆ ಹೊಸ ಗಾಡಿಗೆ ಐದು ವರ್ಷಕ್ಕೆ 3ರೊಳಗೆ 2,466 ರೂಪಾಯಿ, 3ರಿಂದ 7ಕ್ಕೆ 3,273, 7ರಿಂದ 16ಕ್ಕೆ 6,260. ಕೇಂದ್ರ ಸರಕಾರದ ಸಬ್ಸಿಡಿಯೂ ದುಬಾರಿ ಗಾಡಿಯ ಪರವಾಗಿಲ್ಲ. 2021ರಲ್ಲಿ ಕಿಲೋವಾಟ್-ಅವರಿಗೆ 15,000 ಇದ್ದದ್ದು 2023ರ ಜೂನಿನಲ್ಲಿ 10,000ಕ್ಕೆ ಇಳಿಯಿತು, 2025ರ ಎಪ್ರಿಲಿನಲ್ಲಿ 2,500ಕ್ಕೆ, ಅದೂ ಗಾಡಿಗೆ 5,000 ಮೀರದಂತೆ. ಅಂದರೆ 2 ಕಿಲೋವಾಟ್-ಅವರಿಗೇ ಮಿತಿ ಮುಟ್ಟಿತು, ದೊಡ್ಡ ಬ್ಯಾಟರಿಯ ಉಳಿದ ಬೆಲೆ ಪೂರ್ತಿ ನಿಮ್ಮ ಜೇಬಿನದ್ದು. ಇತ್ತ 2025ರ ಸೆಪ್ಟೆಂಬರ್ 22ರಿಂದ ಪೆಟ್ರೋಲ್ ಸ್ಕೂಟರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಬಂತು.

ಗಡಿಯವರು ಮಂಗಳೂರಿನಲ್ಲಿ ಕೊಂಡು ಕೆಎ ನಂಬರಿನಲ್ಲೇ ಓಡಿಸುವ ಲೆಕ್ಕ ಹಾಕುವುದುಂಟು. ಇನ್ನೊಂದು ರಾಜ್ಯದ ಗಾಡಿಯನ್ನು 12 ತಿಂಗಳಿಗೂ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯದೇ ನೋಂದಣಿ ಮಾಡಿಸಬೇಕೆಂಬುದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ಅಲ್ಲಿಂದ ಎನ್ಒಸಿ (ನಿರಾಕ್ಷೇಪಣಾ ಪತ್ರ) ತರಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು, ಆಮೇಲೆ ಕಾಸರಗೋಡಿನ ಕೆಎಲ್ 14 ನಂಬರು. ಆಗ ಬ್ಯಾಟರಿ ವಾರಂಟಿಯ ಕಾಗದದಲ್ಲೂ ಹೊಸ ನಂಬರು ಹತ್ತಿಸಿಕೊಳ್ಳಿ. ವಾರಂಟಿ ಓದುವಾಗ ವರ್ಷಕ್ಕಿಂತ ಮೊದಲು ಕಿಲೋಮೀಟರ್ ನೋಡಿ: ಮೂರು ವರ್ಷ ಅಥವಾ 30,000 ಎಂದಿದ್ದರೆ ತಿಂಗಳಿಗೆ ಸಾವಿರ ಓಡಿಸುವವರಿಗೆ ಅದು ಎರಡೂವರೆ ವರ್ಷಕ್ಕೇ ಮುಗಿಯುತ್ತದೆ. ಎಂಟು ವರ್ಷ ಅಥವಾ 80,000ಕ್ಕೆ ವಿಸ್ತರಿಸುವ ಅವಕಾಶವಿದ್ದರೆ, ಪರದೆಯ ಪ್ಯಾಕಿಗೆ ಕೊಡುವ ದುಡ್ಡನ್ನು ಅದಕ್ಕೆ ಕೊಡಿ.