ಕೊನೆಯ ಸಾಲಿಗೂ ಕಾಣುವಂತೆ ಪರದೆ ಹಾಕುವುದು ಹೇಗೆ?

ಕಾರ್ಯಕ್ರಮ ಅಂದರೆ ವೇದಿಕೆ, ಮೈಕು, ಕುರ್ಚಿ ಎಲ್ಲದಕ್ಕೂ ಜನ ಮೊದಲೇ ತಲೆ ಕೆಡಿಸಿಕೊಳ್ಳುತ್ತಾರೆ. ಪರದೆಯ ನೆನಪಾಗುವುದು ಮಾತ್ರ ಕೊನೆಗೆ. ‘ಒಂದು ಪ್ರೊಜೆಕ್ಟರ್ ತಂದುಬಿಡಿ’ ಅಂತ ಫೋನ್ ಮಾಡಿದರೆ ಕೆಲಸ ಮುಗೀತು ಅಂದುಕೊಳ್ಳುತ್ತಾರೆ. ಅದು ಬಂದ ಮೇಲೆ ಇಡಲು ಜಾಗವಿಲ್ಲ. ಜಾಗ ಇದ್ದಲ್ಲಿ ಕಂಬ ಅಡ್ಡ. ಕಂಬ ಇಲ್ಲದ ಕಡೆ ಇಟ್ಟರೆ ಭಾಷಣ ಮಾಡುವವರ ತಲೆಯ ನೆರಳು ಪರದೆ ಮೇಲೆ. ಇದನ್ನೆಲ್ಲ ತಪ್ಪಿಸಲು ಒಂದು ಅಳತೆ ಟೇಪು ಹಿಡಿದು ಸಭಾಂಗಣಕ್ಕೆ ಒಮ್ಮೆ ಹೋಗಿಬಂದರೆ ಸಾಕು. ಆದರೆ ವೇದಿಕೆ ಮತ್ತು ಕುರ್ಚಿಗಳ ನಕ್ಷೆ ಗಟ್ಟಿಯಾಗುವ ಮೊದಲೇ ಹೋಗಬೇಕು.

ಹಂತ 1: ಏನು ತೋರಿಸುತ್ತೀರಿ?

ಓದಬೇಕಾದ ಸ್ಲೈಡೋ, ಸುಮ್ನೆ ನೋಡುವ ವಿಡಿಯೊನೋ? ಇಷ್ಟು ತೀರ್ಮಾನ ಮಾಡಿ ಮುಂದೆ ಹೋಗಿ.

ಹಂತ 2: ಕೊನೆಯ ಸಾಲಿನಿಂದ ಅಳೆಯಿರಿ

ಪರದೆ ಬರುವ ಜಾಗದಿಂದ ಕೊನೆಯ ಕುರ್ಚಿಯವರೆಗೆ ಟೇಪು ಹಿಡಿಯಿರಿ. ಅಕ್ಷರ ಓದಬೇಕಾದರೆ ಆ ದೂರವನ್ನು 6ರಿಂದ ಭಾಗಿಸಿ, ಬರೀ ವಿಡಿಯೊ ಆದರೆ 8ರಿಂದ. ಬರುವುದೇ ಚಿತ್ರದ ಎತ್ತರ. ದೂರ 54 ಅಡಿ ಇದ್ದು ಸ್ಲೈಡ್ ಓದಿಸುವುದಾದರೆ ಎತ್ತರ 9 ಅಡಿ. ಈಗಿನ ಸ್ಲೈಡುಗಳು ಸಾಮಾನ್ಯವಾಗಿ 16:9 ಅಳತೆಯವು, ಹಾಗಾಗಿ ಅಗಲ 16 ಅಡಿ.

ಇಷ್ಟಕ್ಕೆ ನಿಲ್ಲಿಸಬೇಡಿ. ಮುಂದಿನವರ ತಲೆ ಅಡ್ಡ ಬರದಿರಲು ಚಿತ್ರದ ಕೆಳ ಅಂಚು ಜನ ಕೂರುವ ನೆಲದಿಂದ 4 ಅಡಿಯಾದರೂ ಮೇಲಿರಬೇಕು. 9 ಮತ್ತು 4 ಸೇರಿದರೆ 13 ಅಡಿ. ಚಾವಣಿ 12 ಅಡಿ ಇದ್ದರೆ? ಜಾಸ್ತಿ ಜನ ಪರದೆಯನ್ನೇ ಕೆಳಗೆ ಇಳಿಸುತ್ತಾರೆ. ಅಲ್ಲಿಗೆ ಸ್ಲೈಡಿನ ಕೊನೆಯ ಎರಡು ಸಾಲು ಯಾರಿಗೂ ಕಾಣುವುದಿಲ್ಲ. ಪರದೆ ಚಿಕ್ಕದು ಮಾಡಿ, ಹಿಂದೆ ಕೂತವರಿಗಾಗಿ ಸಭಾಂಗಣದ ಮಧ್ಯದಲ್ಲಿ ಎರಡೂ ಬದಿಗೆ ಇನ್ನೊಂದು ಜೋಡಿ ಪರದೆ ಹಾಕಿಸಿ.

ಹಂತ 3: ಪ್ರೊಜೆಕ್ಟರ್ ಎಲ್ಲಿ ಕೂರುತ್ತದೆ?

ಪ್ರತಿ ಲೆನ್ಸಿಗೂ ಒಂದು ‘ಥ್ರೋ ರೇಶಿಯೊ’ ಇರುತ್ತದೆ. ಅದನ್ನು ಚಿತ್ರದ ಅಗಲದಿಂದ ಗುಣಿಸಿದರೆ ಪರದೆಗೂ ಪ್ರೊಜೆಕ್ಟರಿಗೂ ಇರಬೇಕಾದ ದೂರ ಸಿಗುತ್ತದೆ. 1.5 ಇದ್ದರೆ ನಮ್ಮ 16 ಅಡಿ ಅಗಲಕ್ಕೆ 24 ಅಡಿ. ಆ 24 ಅಡಿ ಎಲ್ಲಿ ಬೀಳುತ್ತದೆ ಅಂತ ನೆಲದ ಮೇಲೆ ಗುರುತು ಹಾಕಿ ನೋಡಿ. ಹೆಚ್ಚಿನ ಸಲ ಅದು ಕುರ್ಚಿಗಳ ನಡುವೆಯೇ ಬೀಳುತ್ತದೆ. ಆಗ ಉಳಿಯುವ ದಾರಿ ಮೂರು. ಮೇಲಿಂದ ನೇತು ಹಾಕುವುದು, ಉದ್ದ ಎಸೆತದ ಲೆನ್ಸ್ ತಂದು ಸಭಾಂಗಣದ ಹಿಂಭಾಗದಿಂದ ಬಿಡುವುದು, ಇಲ್ಲವೇ ಪರದೆಯ ಹಿಂದಿನಿಂದ ಬಿಡುವುದು. ನನ್ನ ಓಟು ಮೂರನೆಯದಕ್ಕೆ, ಯಾರ ನೆರಳೂ ಬೀಳುವುದಿಲ್ಲ. ಆದರೆ ಅದಕ್ಕೆ ಬೇರೆ ಬಗೆಯ ಪರದೆ ಬೇಕು. ಹಿಂದೆ ಕತ್ತಲಿರಬೇಕು. 0.8ರ ಲೆನ್ಸ್ ಹಾಕಿದರೂ 13 ಅಡಿ ಹತ್ತಿರ ಖಾಲಿ ಜಾಗ ಬೇಕು. ವೇದಿಕೆ ಕಟ್ಟುವವರಿಗೆ ಇದನ್ನು ಮೊದಲೇ ಹೇಳದಿದ್ದರೆ ಆ ಜಾಗ ಖಂಡಿತ ಉಳಿಯುವುದಿಲ್ಲ.

ಕೀಸ್ಟೋನ್ ಗುಂಡಿಯನ್ನು ಮುಟ್ಟಬೇಡಿ. ಓರೆಯಾದ ಚಿತ್ರವನ್ನು ಅದು ನೆಟ್ಟಗೆ ಮಾಡುತ್ತದೆ ನಿಜ. ಆದರೆ ಪಿಕ್ಸೆಲ್‌ಗಳನ್ನು ಕುಗ್ಗಿಸಿಯೇ ಮಾಡುತ್ತದೆ, ಸಣ್ಣ ಅಕ್ಷರ ಮಸುಕಾಗುತ್ತದೆ. ಲೆನ್ಸ್ ಶಿಫ್ಟ್ ಇರುವ, ಅಂದರೆ ಲೆನ್ಸನ್ನೇ ಸರಿಸಿ ಚಿತ್ರವನ್ನು ಮೇಲೆ ಕೆಳಗೆ ಮಾಡಬಲ್ಲ ಯಂತ್ರ ಕೇಳಿ.

ಹಂತ 4: ಬೆಳಕು (ಎಲ್ಲರೂ ಎಡವುವುದು ಇಲ್ಲೇ)

ಪ್ರೊಜೆಕ್ಟರ್ ಕಪ್ಪು ಬಣ್ಣ ಬಿಡಲಾರದು. ಪರದೆಯ ಮೇಲೆ ಈಗಾಗಲೇ ಎಷ್ಟು ಬೆಳಕು ಬಿದ್ದಿದೆಯೋ ಅದೇ ನಿಮ್ಮ ‘ಕಪ್ಪು’. ಸುತ್ತ ಬೆಳಕು ಜಾಸ್ತಿ ಇದ್ದರೆ ಕಪ್ಪು ಬೂದು ಬಣ್ಣವಾಗುತ್ತದೆ, ಅಕ್ಷರ ಸಪ್ಪೆಯಾಗುತ್ತದೆ. ಓದಲು ಆರಾಮಾಗಿರಬೇಕಾದರೆ ಬಿಳಿ ಭಾಗ ಕಪ್ಪಿಗಿಂತ 15 ಪಟ್ಟು ಬೆಳಗಬೇಕು.

ಕಾರ್ಯಕ್ರಮ ನಡೆಯುವ ಹೊತ್ತಿಗೇ ಹೋಗಿ, ಆಗ ಉರಿಯುವ ದೀಪಗಳನ್ನೆಲ್ಲ ಹಾಕಿಸಿ. ಪರದೆ ಬರುವ ಜಾಗದಲ್ಲಿ ಜನರ ಕಡೆ ಮುಖ ಮಾಡಿ ಬೆಳಕು ಅಳೆಯಿರಿ. ಫೋನಿನ ಲಕ್ಸ್ ಮೀಟರ್ (ಒಂದು ಜಾಗದ ಮೇಲೆ ಬೀಳುವ ಬೆಳಕು ಅಳೆಯುವ) ಆ್ಯಪ್ ಅಂದಾಜಿಗೆ ಸಾಕು. 30 ಲಕ್ಸ್ ಬಂತು ಅನ್ನಿ. 15 ಪಟ್ಟಿನಲ್ಲಿ ಒಂದು ಪಟ್ಟು ಆಗಲೇ ಅಲ್ಲಿದೆ. ಉಳಿದ 14 ಪಟ್ಟು, ಅಂದರೆ 420 ಲಕ್ಸ್, ಪ್ರೊಜೆಕ್ಟರ್ ಕೊಡಬೇಕು. ನಮ್ಮ ಚಿತ್ರ 144 ಚದರ ಅಡಿ, ಅಂದರೆ ಸುಮಾರು 13.4 ಚದರ ಮೀಟರ್. ಗುಣಿಸಿದರೆ 5,600 ಲ್ಯುಮೆನ್ (ಪ್ರೊಜೆಕ್ಟರ್ ಬಿಡುವ ಒಟ್ಟು ಬೆಳಕಿನ ಅಳತೆ) ದಾಟುತ್ತದೆ. ಹಳೆಯ ಯಂತ್ರದ ಬೆಳಕು ಕುಂದಿರುತ್ತದೆ, ಆದ್ದರಿಂದ 7,000 ಕೇಳಿ.

ಅದೇ ಜಾಗದಲ್ಲಿ 100 ಲಕ್ಸ್ ಬಂದಿದ್ದರೆ? 18,000 ಲ್ಯುಮೆನ್‌ಗೂ ಮೇಲೆ ಬೇಕು. ಯಂತ್ರ ದೊಡ್ಡದಾಗುತ್ತದೆ, ಬಾಡಿಗೆ ಏರುತ್ತದೆ. ಪರದೆಯ ಮುಂದಿನ ಎರಡು ದೀಪ ಆರಿಸಿದರೆ ಅಷ್ಟೂ ಉಳಿಯುತ್ತದೆ. ಆ ದೀಪಗಳಿಗೆ ಬೇರೆ ಸ್ವಿಚ್ ಇದೆಯಾ ಅಂತ ಅವತ್ತೇ ನೋಡಿಕೊಳ್ಳಿ. ಕಿಟಕಿಗೆ ಪರದೆ ಎಳೆಯಲು ಬರುತ್ತದೆಯಾ ಅಂತಲೂ ನೋಡಿ.

ಆನ್‌ಲೈನ್‌ನಲ್ಲಿ ಸಿಗುವ ಪುಟ್ಟ ಡಬ್ಬಿಗಳ ಮೇಲೆ ಸಾವಿರಗಟ್ಟಲೆ ಲ್ಯುಮೆನ್ ಅಂತ ಬರೆದಿರುತ್ತದೆ. ನಂಬಬೇಡಿ. ‘ಆನ್ಸಿ’ ಅಥವಾ ‘ಐಎಸ್‌ಒ’ ಲ್ಯುಮೆನ್, ಅಂದರೆ ನಿಗದಿತ ಮಾನದಂಡದಂತೆ ಅಳೆದ ಬೆಳಕು, ಎಷ್ಟು ಅಂತ ಕೇಳಿ. ಉತ್ತರ ಬರದಿದ್ದರೆ ಅದು ಸಭೆಗೆ ತರುವ ಸಾಮಾನಲ್ಲ.

ಹಗಲು, ಬಯಲು ಅಂದರೆ ಪ್ರೊಜೆಕ್ಟರ್ ಮಾತೇ ಬೇಡ, ಎಲ್‌ಇಡಿ ವಾಲ್ ಹಾಕಿಸಿ. ಅಲ್ಲಿ ಕೇಳಬೇಕಾದ್ದು ಪಿಕ್ಸೆಲ್ ಪಿಚ್, ಅಂದರೆ ಅಕ್ಕಪಕ್ಕದ ಎರಡು ಬೆಳಕಿನ ಚುಕ್ಕೆಗಳ ನಡುವಿನ ಅಂತರ. ಪಿಚ್ ಎಷ್ಟು ಮಿಲಿಮೀಟರೋ, ಮೊದಲ ಸಾಲು ಹೆಚ್ಚುಕಡಿಮೆ ಅಷ್ಟು ಮೀಟರ್ ದೂರ ಇರಬೇಕು. ಭಾರವನ್ನೂ ಕೇಳಿ. ಅರ್ಧ ಮೀಟರ್ ಚೌಕದ ಪ್ಯಾನೆಲ್‌ಗಳಲ್ಲಿ 8 ಮೀಟರ್ ಅಗಲ, 4.5 ಮೀಟರ್ ಎತ್ತರ ಕಟ್ಟಲು 144 ಬೇಕು. ಒಂದಕ್ಕೆ 8 ಕಿಲೊ ಹಿಡಿದರೂ ಒಂದು ಟನ್ ದಾಟಿತಲ್ವಾ! ಅಷ್ಟು ಭಾರ ಹೊರಲು ಆಗುತ್ತದೆಯೇ ಅಂತ ಕಟ್ಟಡದವರಿಂದಲೇ ಕೇಳಿ, ಬರಹದಲ್ಲಿ.

ಹಂತ 5: ಕೇಬಲ್, ಕರೆಂಟ್

ಸಾದಾ ಎಚ್‌ಡಿಎಂಐ ಕೇಬಲ್ 10–15 ಮೀಟರ್ ದಾಟಿದರೆ ಕೈಕೊಡಬಹುದು. ಒಂದಕ್ಕೊಂದು ಕೇಬಲ್ ಸಿಕ್ಕಿಸಿ ಉದ್ದ ಮಾಡುವ ಉಪಾಯ ಬೇಡವೇ ಬೇಡ. ಎಸ್‌ಡಿಐ ಅಥವಾ ಫೈಬರ್ ಎಳೆಸಿ, ಇವು ವಿಡಿಯೊವನ್ನು ದೂರಕ್ಕೆ ಒಯ್ಯುವ ಕೇಬಲ್ಲುಗಳು. ಗೋಡೆಗುಂಟ ಅಳೆಯಿರಿ, ನೇರ ಗೆರೆಯಲ್ಲಿ ಅಲ್ಲ. ಬಾಗಿಲ ಮೇಲಿಂದ ಹತ್ತಿ ಇಳಿಯುವಾಗ ಉದ್ದ ಎಲ್ಲಿಗೋ ಹೋಗುತ್ತದೆ. ಕರೆಂಟ್ ಲೈನ್ ವೇದಿಕೆ ದೀಪಗಳದ್ದಕ್ಕಿಂತ ಬೇರೆ ಇರಲಿ.

ಹಂತ 6: ಫೈಲು

ಸ್ಲೈಡ್ ಮಾಡುವವರಿಗೆ ಪರದೆಯ ಅಳತೆಯನ್ನು ಈಗಲೇ ಕಳಿಸಿ. ಹಳೆಯ 4:3 ಸ್ಲೈಡ್ ಬಂದರೆ ಎರಡೂ ಬದಿ ಕಪ್ಪು ಪಟ್ಟಿ ಉಳಿಯುತ್ತದೆ. ಕನ್ನಡ ಫಾಂಟ್ ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಒಡೆದು ಚೌಕಗಳಾಗುವುದು ಇದ್ದದ್ದೇ, ಅದಕ್ಕೆ ಪಿಡಿಎಫ್ ಪ್ರತಿಯನ್ನೂ ತರಿಸಿ. ಎಲ್ಲರ ಸ್ಲೈಡೂ ಒಂದೇ ಲ್ಯಾಪ್‌ಟಾಪಿನಿಂದ ಓಡಲಿ, ಪಕ್ಕದಲ್ಲಿ ಅದೇ ಫೈಲುಗಳಿರುವ ಇನ್ನೊಂದು ಸಿದ್ಧವಿರಲಿ. ಎರಡರಲ್ಲೂ ಅಪ್‌ಡೇಟ್, ಸ್ಲೀಪ್, ನೋಟಿಫಿಕೇಶನ್ ಬಂದ್ ಮಾಡಿ. ‘ನನ್ನ ಲ್ಯಾಪ್‌ಟಾಪೇ ಹಾಕ್ತೀನಿ’ ಅನ್ನುವ ಭಾಷಣಕಾರರು ಒಬ್ಬರಾದರೂ ಇರುತ್ತಾರೆ. ಅವರನ್ನು ಒಂದು ಗಂಟೆ ಮುಂಚೆ ಕರೆಸಿ, ಯುಎಸ್‌ಬಿ-ಸಿ ಅಡಾಪ್ಟರ್ ನೀವೇ ಇಟ್ಟುಕೊಂಡಿರಿ.