ಕುರಿ ಅಟ್ಟೋ ತಳಿ ನಾಯಿ ಮನೆಗೆ ಆಗತ್ತಾ? ತರೋಕೆ ಮುಂಚೆ ಹೀಗೆ ಮಾಡಿ ನೋಡಿ

ಬೆಂಗಳೂರಲ್ಲಿ ಬೆಳಗ್ಗೆ ವಾಕಿಂಗ್ ಹೋದ್ರೆ ಈಗ ಕಪ್ಪು-ಬಿಳಿ ಬಾರ್ಡರ್ ಕಾಲಿ ನಾಯಿಗಳು ಸಿಗ್ತಾವೆ, ಜರ್ಮನ್ ಶೆಫರ್ಡ್ ಅಂತೂ ಹಿಂದಿನಿಂದಲೂ ಬಡಾವಣೆ ಬಡಾವಣೇಲಿ ಇದ್ದೇ ಇದೆ, ಈಚೆಗೆ ಕಾರ್ಗಿ, ಶೆಲ್ಟಿ (ಶೆಟ್ಲೆಂಡ್ ಶೀಪ್‌ಡಾಗ್), ಆಸ್ಟ್ರೇಲಿಯನ್ ಶೆಫರ್ಡ್ ಕೂಡ ಸೇರ್ಕೊಂಡಿವೆ. ಇವೆಲ್ಲಾ ಕುರಿ, ದನ ಅಟ್ಟೋಕೆ ಅಂತ ಬೆಳೆಸಿದ ತಳಿಗಳು. ಮಕ್ಕಳಿರೋ ಮನೆಗೆ ಆಗತ್ತಾ ಅಂತ ಕೇಳಿದ್ರೆ ನಾನು ಆಗತ್ತೆ ಅಂತಾನೇ ಹೇಳೋದು, ಆದ್ರೆ ದಿನಾ ಅದಕ್ಕೆ ಏನಾದ್ರೂ ಕೆಲಸ ಕೊಡೋ ಒಬ್ಬ ದೊಡ್ಡವರು ಮನೇಲಿ ಇರ್ಲೇಬೇಕು. ಮನೆ ಎರಡು ಬೆಡ್‌ರೂಮಾ, ಮುಂದೆ ಅಂಗಳ ಇದ್ಯಾ ಅನ್ನೋದೆಲ್ಲ ಆಮೇಲೆ. ಅಂಗಳ ಇದೆ ಅಂತ ಅಲ್ಲಿ ಬಿಟ್ಟುಬಿಟ್ರೆ ಇವು ಗೇಟ್ ಹತ್ರ ನಿಂತು ಹೋಗೋ ಬರೋ ಗಾಡಿಗೆಲ್ಲ ಬೊಗಳೋದನ್ನೇ ಕೆಲಸ ಮಾಡ್ಕೊಳ್ತಾವೆ.

ಹೆಜ್ಜೆ 1: ಅದರ ರಕ್ತದಲ್ಲಿ ಏನಿದೆ ಅಂತ ತಿಳ್ಕೊಳ್ಳಿ

ನಮ್ಮ ಕಡೆ ಕುರಿ ಹಿಂಡಿನ ಜೊತೆ ಹೋಗೋ ನಾಯಿ ನೋಡಿರ್ತೀರ. ಅದರ ಮುಖ್ಯ ಕೆಲಸ ಕಾವಲು, ತೋಳ ಬಂದ್ರೆ ಓಡ್ಸೋದು, ಕುರಿಗಳನ್ನ ಅಟ್ಟೋದು ಕುರಿಗಾಹಿನೇ, ಕೋಲು ಹಿಡ್ಕೊಂಡು ಬಾಯಲ್ಲಿ ಸದ್ದು ಮಾಡ್ಕೊಂಡು. ಬಾರ್ಡರ್ ಕಾಲಿ ಹಾಗಲ್ಲ. ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯ ಗುಡ್ಡಗಳಲ್ಲಿ ಶಿಳ್ಳೆ ಕೇಳ್ಕೊಂಡು, ದೂರದಲ್ಲಿರೋ ಹಿಂಡಿಗೆ ಸುತ್ತು ಹಾಕಿ, ಮೈ ಬಗ್ಗಿಸಿ ಮೆಲ್ಲಗೆ ನಡೆದು, ದಿಟ್ಟಿಸಿ ನೋಡೋದ್ರಲ್ಲೇ ಕುರಿಗಳನ್ನ ಒಟ್ಟು ಮಾಡಿ ಯಜಮಾನನ ಹತ್ರ ತರೋ ನಾಯಿ ಅದು. 1893ರಲ್ಲಿ ನಾರ್ತಂಬರ್ಲ್ಯಾಂಡಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಅನ್ನೋ ಗಂಡು ನಾಯಿ ಹೀಗೆ ಸದ್ದಿಲ್ದೆ ಕೆಲಸ ಮಾಡೋದ್ರಲ್ಲಿ ಎಷ್ಟು ಹೆಸರುವಾಸಿ ಆಯ್ತು ಅಂದ್ರೆ ಇವತ್ತಿನ ಬಾರ್ಡರ್ ಕಾಲಿಗಳಲ್ಲಿ ಬಹುಪಾಲು ಅದರ ವಂಶದವೇ.

ತೋಳ ಬೇಟೆ ಆಡುವಾಗ ದಿಟ್ಟಿಸೋದು, ಹೊಂಚೋದು, ಅಟ್ಟೋದು, ಹಿಡಿಯೋದು, ಕೊಲ್ಲೋದು ಒಂದರ ಹಿಂದೆ ಒಂದು ಬರತ್ತೆ. ಈ ತಳಿಗಳಲ್ಲಿ ಜನ ಮೊದಲಿನ ಮೂರನ್ನ ಬೆಳೆಸ್ಕೊಂಡು ಕೊನೇದನ್ನ ಕಮ್ಮಿ ಮಾಡ್ತಾ ಬಂದಿದ್ದಾರೆ. ಈಗ ಕುರಿ ಇಲ್ದಿರೋ ಅಪಾರ್ಟ್‌ಮೆಂಟಿಗೆ ತಂದ್ರೆ ಅದಕ್ಕೆ ಸಿಗೋದು ಓಡೋ ಮಕ್ಕಳು, ಸೈಕಲ್ಲು, ಡೆಲಿವರಿ ಹುಡುಗರ ಸ್ಕೂಟರು, ಅವನ್ನೇ ಅಟ್ಟತ್ತೆ, ಒಂದೊಂದ್ಸಲ ಹಿಮ್ಮಡಿಗೆ ಬಾಯಿ ಹಾಕತ್ತೆ. ಕಾರ್ಗಿ ನೋಡೋಕೆ ಗೊಂಬೆ ಥರ ಇದ್ರೂ ವೇಲ್ಸಲ್ಲಿ ದನದ ಹಿಂಗಾಲಿಗೆ ಕಚ್ಚಿ ಅಟ್ತಿದ್ದ ನಾಯಿ, ಗಿಡ್ಡ ಕಾಲಿರೋದ್ರಿಂದ ದನದ ಒದೆ ತಪ್ಪಿಸ್ಕೊಳ್ಳೋಕೆ ಸುಲಭ. ಜರ್ಮನ್ ಶೆಫರ್ಡನ್ನ ನಾವು ಪೊಲೀಸ್ ನಾಯಿ ಅಂತಾನೇ ನೋಡಿದೀವಿ, 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಅನ್ನೋರು ಆ ತಳಿ ಶುರು ಮಾಡಿದ್ದು ಕುರಿ ಕಾಯೋ ನಾಯಿಗಳಿಂದಾನೇ. ನಮ್ಮ ಮುಧೋಳ ಈ ಲೆಕ್ಕಕ್ಕೆ ಬರಲ್ಲ, ಅದು ಬೇಟೆ ನಾಯಿ.

ಇನ್ನು ಬುದ್ಧಿ. ಅಮೆರಿಕದಲ್ಲಿ ಚೇಸರ್ ಅನ್ನೋ ಬಾರ್ಡರ್ ಕಾಲಿ 1022 ಆಟದ ಸಾಮಾನುಗಳ ಹೆಸರು ಕಲಿತಿತ್ತು, 2011ರಲ್ಲಿ ಅದರ ಅಧ್ಯಯನ ಪ್ರಕಟ ಆಯ್ತು. ಕೇಳೋಕೆ ಚೆನ್ನಾಗಿದೆ, ಆದ್ರೆ ಅಷ್ಟು ಬುದ್ಧಿ ಇರೋ ಪ್ರಾಣಿ ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೂ ಬಾಲ್ಕನೀಲಿ ಒಂದೇ ಇದ್ರೆ ಅದು ಏನು ಮಾಡತ್ತೆ ಅಂತ ಯೋಚಿಸಿ.

ಹೆಜ್ಜೆ 2: ಒಂದು ತಿಂಗಳು ನಾಯಿ ಇಲ್ದೆ ನಾಯಿ ದಿನಚರಿ ಮಾಡಿ

ಯಾರಿಗೇ ಆಗ್ಲಿ ನಾನು ಮೊದಲು ಹೇಳೋದು ಇದೇ, ಮತ್ತೆ ಜನ ಬಿಟ್ಟುಬಿಡೋದೂ ಇದನ್ನೇ. ಬೆಳಗ್ಗೆ ಆರಕ್ಕೆ ಎದ್ದು ಒಂದು ಗಂಟೆ ನಡೀರಿ, ಸಂಜೆ ಆಫೀಸಿಂದ ಬಂದು ಇನ್ನೊಂದು ಗಂಟೆ, ಮಳೆ ಬಂದ್ರೂ, ಔಟರ್ ರಿಂಗ್ ರೋಡ್ ಟ್ರಾಫಿಕಲ್ಲಿ ಬೆಂದು ಬಂದ ದಿನಾನೂ. ಮಧ್ಯದಲ್ಲಿ ಎರಡು ಸಲ ಹದಿನೈದು ನಿಮಿಷ ಯಾವ ಕೆಲಸಾನೂ ಇಟ್ಕೊಳ್ದೆ ಖಾಲಿ ಇರಿ, ಅದು ಟ್ರೇನಿಂಗ್ ಟೈಮು. ಒಂದು ತಿಂಗಳು ಹೀಗೆ ನಡೆಸಿದ್ರೆ ಯಾರು ಎದ್ದೇಳ್ತಾರೆ, ಯಾರು ಎರಡನೇ ವಾರಕ್ಕೇ ಕೈ ಎತ್ತುತಾರೆ ಅಂತ ಮನೆಯವರಿಗೆಲ್ಲಾ ಗೊತ್ತಾಗತ್ತೆ. ಬಾರ್ಡರ್ ಕಾಲಿ ಆಯಸ್ಸು ಸುಮಾರು 12ರಿಂದ 15 ವರ್ಷ, ಈಗ ಮೂರನೇ ಕ್ಲಾಸಲ್ಲಿರೋ ಮಗು ನಾಯಿ ಬೇಕು ಅಂತ ಹಠ ಮಾಡಿದ್ರೆ ಅದು ಕಾಲೇಜು ಮುಗಿಸೋವರೆಗೂ ನಾಯಿ ನಿಮ್ಮದೇ.

ಅಜ್ಜಿ ತಾತ ನೋಡ್ಕೋತಾರೆ ಅಂತ ಲೆಕ್ಕ ಹಾಕ್ಬೇಡಿ, ದಯವಿಟ್ಟು. ಬೆಳೆದ ಗಂಡು ಜರ್ಮನ್ ಶೆಫರ್ಡ್ 30ರಿಂದ 40 ಕೆಜಿ ತೂಗತ್ತೆ, ಬೀದಿ ನಾಯಿ ಕಂಡು ಒಂದು ಸಲ ಜಗ್ಗಿದ್ರೆ ಎಪ್ಪತ್ತು ದಾಟಿದ ಅಮ್ಮನ ಸೊಂಟ ಮುರಿಯತ್ತೆ. ಮನೆ ಕೆಲಸದವರ ಮೇಲೂ ಹಾಕ್ಬೇಡಿ, ಅವರಿಗೆ ನಾಯಿ ಅಂದ್ರೆ ಭಯ ಇದ್ರೂ ಬಾಯಿ ಬಿಟ್ಟು ಹೇಳಲ್ಲ.

ಅಸೋಸಿಯೇಷನ್ ವಿಷಯ ಇದ್ರಲ್ಲೇ ಹೇಳಿಬಿಡ್ತೀನಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕೋದನ್ನ ನಿಷೇಧ ಮಾಡೋ ಹಾಗಿಲ್ಲ, ಲಿಫ್ಟ್ ಬಳಸ್ಬೇಡಿ ಅನ್ನೋ ಹಾಗೂ ಇಲ್ಲ. ಆದ್ರೂ ಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿ, ಪಾಲಿಕೆ ಲೈಸೆನ್ಸ್ ಮಾಡಿಸಿ, ಗಲೀಜು ಎತ್ತೋಕೆ ಕವರ್ ಇಟ್ಕೊಂಡು ಹೋಗಿ.

ಹೆಜ್ಜೆ 3: ಮರಿ ಎಲ್ಲಿಂದ

2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರೋ ಹಾಗಿಲ್ಲ, ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳೀಲಿ ನೋಂದಣಿ ಆಗಿರ್ಬೇಕು. ಮೂವತ್ತೈದು ದಿನದ ಮರಿ ಕೊಡ್ತೀನಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ತಾಯಿ ನಾಯಿ ನೋಡ್ಬೇಕು ಅಂತ ಕೇಳಿ, ಅದು ನಿಮ್ಮನ್ನ ಕಂಡು ಮೂಲೆ ಸೇರಿದ್ರೆ ಮರೀಲೂ ಆ ಭಯ ಬರೋ ಸಾಧ್ಯತೆ ಇದೆ. ಜರ್ಮನ್ ಶೆಫರ್ಡ್ ಆದ್ರೆ ಅಪ್ಪ-ಅಮ್ಮನ ಸೊಂಟದ ಎಕ್ಸ್‌ರೇ ಕೇಳಿ, ಸೊಂಟದ ಕೀಲು ಸರಿಯಾಗಿ ಕೂರದಿರೋ ತೊಂದರೆ ಆ ತಳೀಲಿ ಜಾಸ್ತಿ.

ಇನ್ನೊಂದು ಮುಖ್ಯ ಮಾತು. ಬ್ಲೂ ಮರ್ಲ್ ಅಂತ ಬೂದು ಬಣ್ಣದ ಮೇಲೆ ಕಪ್ಪು ಮಚ್ಚೆ ಇರೋ ಮರಿಗೆ ಅಪರೂಪ ಅಂತ ರೇಟ್ ಏರಿಸ್ತಾರೆ. ಅಪ್ಪ ಅಮ್ಮ ಎರಡೂ ಮರ್ಲ್ ಆಗಿದ್ರೆ ಮರಿಗಳಲ್ಲಿ ಕೆಲವು ಕಿವುಡಾಗಿ, ಕುರುಡಾಗಿ ಹುಟ್ಟೋ ಅಪಾಯ ಇದೆ, ಎರಡನ್ನೂ ಕೂಡಿಸಿದ್ದಾರೆ ಅಂತ ಗೊತ್ತಾದ್ರೆ ಅಂಥವರ ಹತ್ರ ತಗೋಬೇಡಿ, ತಗೊಂಡಷ್ಟೂ ಅವರು ಮಾಡ್ತಾನೇ ಇರ್ತಾರೆ.

ನನ್ನ ಕೇಳಿದ್ರೆ ಎರಡು-ಮೂರು ವರ್ಷದ ಬೆಳೆದ ನಾಯಿ ದತ್ತು ತಗೊಳ್ಳೋದು ಎಷ್ಟೋ ವಾಸಿ. ಮರಿ ಇದ್ದಾಗ ಮುದ್ದು ಮಾಡಿ, ಒಂದು ವರ್ಷ ಆಗಿ ಮೈಯಲ್ಲಿ ಕಸುವು ಬಂದಾಗ ಕೈಲಾಗಲ್ಲ ಅಂತ ಬಿಡೋ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಬೆಂಗಳೂರಲ್ಲಿ 1991ರಿಂದ ಇರೋ ಕ್ಯೂಪಾ ಥರದ ಪ್ರಾಣಿ ರಕ್ಷಣಾ ಸಂಸ್ಥೆಗಳಲ್ಲಿ ವಿಚಾರಿಸಿ. ಬೆಳೆದ ನಾಯಿ ಆದ್ರೆ ಮಕ್ಕಳ ಜೊತೆ ಹೇಗಿರತ್ತೆ, ಸ್ಕೂಟರ್ ಕಂಡ್ರೆ ಏನು ಮಾಡತ್ತೆ ಅಂತ ಕಣ್ಣಾರೆ ನೋಡಿ ತರಬಹುದು.

ಹೆಜ್ಜೆ 4: ಮನೆಗೆ ಬಂದ ಮೇಲೆ ಕೆಲಸ ಕೊಡಿ, ಮಲಗೋದೂ ಕಲಿಸಿ

ಬಾಲ್ ಎಸೆದು ಎಸೆದು ಸುಸ್ತು ಮಾಡ್ತೀನಿ ಅಂತ ಬಹಳ ಜನ ಶುರು ಮಾಡ್ತಾರೆ. ಗಂಟೆಗಟ್ಟಲೆ ಬಾಲ್ ಎಸೆದ್ರೆ ನಾಯಿಗೆ ಆ ಬಾಲಿನದೇ ಹುಚ್ಚು ಹತ್ತತ್ತೆ, ಸ್ಟ್ಯಾಮಿನಾ ಬೆಳೆಯತ್ತೆ, ತಲೆ ಮಾತ್ರ ತಣ್ಣಗಾಗಲ್ಲ. ಅದರ ಬದಲು ಮೂಗಿಗೆ, ಬುದ್ಧಿಗೆ ಕೆಲಸ ಕೊಡಿ. ಊಟವನ್ನ ಬಟ್ಟಲಲ್ಲಿ ಹಾಕೋ ಬದಲು ಹಳೇ ಟವೆಲಲ್ಲಿ ಸುತ್ತಿ ಗಂಟು ಹಾಕಿ ಕೊಡಿ, ಪನೀರ್ ಚೂರು ಸೋಫಾ ಹಿಂದೆ ಬಚ್ಚಿಟ್ಟು ಹುಡುಕಿಸಿ, ತಾತನ ಚಪ್ಪಲಿ ಯಾವುದು, ಪುಟ್ಟಿ ಚಪ್ಪಲಿ ಯಾವುದು ಅಂತ ಹೆಸರು ಕಲಿಸಿ ತರಿಸಿ. ದೊಡ್ಡ ವ್ಯಾಯಾಮದ ಬಾಲನ್ನ ಮೂಗಲ್ಲಿ ತಳ್ಳಿ ಗೋಲಿಗೆ ತರೋ ಟ್ರೈಬಾಲ್ ಅಂತ ಜರ್ಮನೀಲಿ ಶುರುವಾದ ಆಟ ಇದೆ, ಕುರಿ ಇಲ್ದಿರೋ ಅಟ್ಟೋ ನಾಯಿಗಳಿಗೆ ಹೇಳಿ ಮಾಡಿಸಿದ್ದು, ಟೆರೇಸಲ್ಲೂ ಆಡಿಸ್ಬಹುದು, ಪ್ಯಾರಪೆಟ್ ಗೋಡೆ ಎತ್ತರ ಇದ್ರೆ.

ಮನೆಯವರೆಲ್ಲಾ ಒಂದೇ ಮಾತು ಬಳಸಿ. ಅಪ್ಪ ಕೂತ್ಕೋ ಅಂತ, ಮಗ ಸಿಟ್ ಅಂತ, ಅಜ್ಜಿ ಕೂರೋ ಮರಿ ಅಂತ ಅಂದ್ರೆ ಅದಕ್ಕೆ ಯಾವುದನ್ನ ಕೇಳ್ಬೇಕು ಅಂತಾನೇ ಗೊತ್ತಾಗಲ್ಲ. ದಿನದಲ್ಲಿ ಒಂದೆರಡು ಸಲ ಅದರ ಜಾಗದಲ್ಲಿ ಚಾಪೆ ಹಾಕಿ, ಅಲ್ಲಿ ಸುಮ್ಮನೆ ಮಲಗಿದ್ದಕ್ಕೂ ತಿಂಡಿ ಕೊಡಿ, ಈ ತಳಿಗಳಿಗೆ ವಿಶ್ರಾಂತಿ ತಾನಾಗೇ ಬರಲ್ಲ, ಅದನ್ನೂ ಕಲಿಸಿಯೇ ತರ್ಬೇಕು.

ಮಕ್ಕಳಿಗೆ ಹೇಳ್ಕೊಡೋದು ಇಷ್ಟೇ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಓಡ್ಬೇಡ, ಕಿರುಚ್ಬೇಡ, ಕೈ ಕಟ್ಕೊಂಡು ನಿಂತ್ಬಿಡು. ನಿಂತಿದ್ದನ್ನ ಅಟ್ಟೋಕೆ ಏನೂ ಇರಲ್ಲ, ಆಟ ಅಲ್ಲಿಗೇ ಮುಗಿಯತ್ತೆ. ಅಷ್ಟರಲ್ಲಿ ದೊಡ್ಡವರು ಹೆಸರು ಹಿಡಿದು ಕರೆದು ಬೇರೆ ಕೆಲಸಕ್ಕೆ ಹಚ್ಚಬೇಕು, ಹೊಡೆಯೋದು ಮಾತ್ರ ಬೇಡ, ಹೊಡೆದ್ರೆ ಮಕ್ಕಳು ಹತ್ರ ಬಂದಾಗೆಲ್ಲಾ ಪೆಟ್ಟು ಬೀಳತ್ತೆ ಅಂತ ಕಲ್ತುಬಿಡತ್ತೆ. ಐದು ವರ್ಷದೊಳಗಿನ ಮಗು ಮತ್ತೆ ನಾಯಿ ಇಬ್ಬರನ್ನೇ ಒಂದು ರೂಮಲ್ಲಿ ಬಿಟ್ಟು ಸ್ನಾನಕ್ಕೂ ಹೋಗ್ಬೇಡಿ. ಸ್ಕೂಟರ್ ಅಟ್ಟೋ ಚಟಕ್ಕೆ ರಸ್ತೆಯಿಂದ ದೂರ ನಿಂತು ಗಾಡಿ ಹೋದಾಗೆಲ್ಲಾ ನಿಮ್ಮ ಮುಖ ನೋಡಿದ್ರೆ ತಿಂಡಿ, ವಾರ ವಾರ ಸ್ವಲ್ಪ ಸ್ವಲ್ಪ ಹತ್ರ ಬನ್ನಿ, ಲೀಶ್ ಯಾವತ್ತೂ ಬಿಚ್ಬೇಡಿ.

ಹೆಜ್ಜೆ 5: ಡಾಕ್ಟರ ಹತ್ರ ಕೇಳಲೇಬೇಕಾದ್ದು

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರೋದ್ರಿಂದ ಚೆನ್ನೈಗಿಂತ ಇಲ್ಲಿ ಇವುಗಳ ಪಾಡು ವಾಸಿ, ಆದ್ರೂ ಏಪ್ರಿಲಲ್ಲಿ ಬೆಳಗ್ಗೆ ಎಂಟರ ಮೇಲೆ ಟಾರ್ ರಸ್ತೇಲಿ ನಡೆಸ್ಬೇಡಿ. ಎರಡು ಪದರದ ಕೂದಲು, ಸೆಕೆ ಅಂತ ಬೋಳಿಸ್ಬೇಡಿ, ಒಳಗಿನ ಉದುರೋ ಕೂದಲನ್ನ ಬಾಚಿ ತೆಗೀರಿ. ಆ ಕೂದಲೊಳಗೆ ಉಣ್ಣಿ (ಟಿಕ್) ಸೇರ್ಕೊಂಡ್ರೆ ಕಾಣೋದೇ ಇಲ್ಲ, ಟಿಕ್ ಫೀವರ್ ಈ ಊರಲ್ಲಿ ನಾಯಿಗಳ ಜೀವ ತೆಗೆಯೋ ಕಾಯಿಲೆ, ವಾಕಿಂಗಿಂದ ಬಂದ ಕೂಡಲೇ ಕಿವಿ ಒಳಗೆ, ಬೆರಳ ಸಂದಿ ನೋಡಿ. ದೀಪಾವಳಿ ಪಟಾಕಿಗೆ ಇವುಗಳಲ್ಲಿ ಎಷ್ಟೋ ನಾಯಿ ಸಿಕ್ಕಾಪಟ್ಟೆ ಹೆದರ್ತಾವೆ, ಹಬ್ಬಕ್ಕೆ ತಿಂಗಳು ಮುಂಚೇನೇ ಡಾಕ್ಟರ ಹತ್ರ ಮಾತಾಡಿ.

ಎಲ್ಲಕ್ಕಿಂತ ಮುಖ್ಯ, ಕಾಲಿ (ಬಾರ್ಡರ್ ಕಾಲಿ ಅಲ್ಲ, ಬೇರೆ ತಳಿ), ಶೆಲ್ಟಿ, ಆಸ್ಟ್ರೇಲಿಯನ್ ಶೆಫರ್ಡ್ ಥರದ ತಳಿಗಳಲ್ಲಿ ಎಂಡಿಆರ್1 ಅನ್ನೋ ಜೀನಲ್ಲಿ ದೋಷ ಇರಬಹುದು, ಬಾರ್ಡರ್ ಕಾಲೀಲಿ ಕಮ್ಮಿ, ಆದ್ರೂ ಇಲ್ಲ ಅನ್ನೋ ಹಾಗಿಲ್ಲ. ಆ ಜೀನ್ ಸರಿ ಇದ್ರೆ ಕೆಲವು ಔಷಧಿ ಮೆದುಳಿಗೆ ಹೋಗದ ಹಾಗೆ ತಡೆಯತ್ತೆ, ಕೆಟ್ಟಿದ್ರೆ ಔಷಧಿ ಒಳಗೇ ಉಳ್ಕೊಂಡು ನಾಯಿ ತೂರಾಡಿ, ಫಿಟ್ಸ್ ಬಂದು, ಪ್ರಾಣಕ್ಕೇ ಅಪಾಯ ಆಗತ್ತೆ. ಕಜ್ಜಿಗೆ, ಉಣ್ಣಿಗೆ ಜಾಸ್ತಿ ಡೋಸಲ್ಲಿ ಕೊಡೋ ಐವರ್ಮೆಕ್ಟಿನ್ ಆ ಪಟ್ಟೀಲಿ ಮೊದಲನೇದು. ಭೇದಿ ಅಂತ ನಾವು ನುಂಗೋ ಲೋಪೆರಮೈಡ್ ಮಾತ್ರೆ ಮನೇಲೇ ಮುರಿದು ಕೊಡೋರಿದ್ದಾರೆ, ಅದೂ ಇದೇ ಪಟ್ಟೀಲಿದೆ. ಕೆನ್ನೆ ಒಳಗಿನ ಸ್ವ್ಯಾಬ್ ಅಥವಾ ರಕ್ತದಿಂದ ಒಂದು ಸಲ ಡಿಎನ್‌ಎ ಟೆಸ್ಟ್ ಮಾಡಿಸಿದ್ರೆ ಜೀವನಪೂರ್ತಿಗೆ ಸಾಕು. ಫಲಿತಾಂಶ ಬರೋವರೆಗೂ ಲಸಿಕೆ ಪುಸ್ತಕದ ಮೊದಲ ಪುಟದಲ್ಲೇ ಐವರ್ಮೆಕ್ಟಿನ್ ಬೇಡ ಅಂತ ದೊಡ್ಡದಾಗಿ ಬರೆದಿಡಿ, ರಾತ್ರಿ ಹೊತ್ತು ಗೊತ್ತಿಲ್ಲದ ಕ್ಲಿನಿಕ್‌ಗೆ ಓಡ್ಬೇಕಾಗಿ ಬಂದ್ರೆ ಆ ಪುಟವನ್ನೇ ಮೊದಲು ತೋರ್ಸಿ.