ಗೌಂಡಿಯೊಬ್ಬ ಪಂಚಾಯಿತಿ ಸದಸ್ಯನಾದಾಗ: ನನ್ನ ಅನುಭವ

ಬೀಳಗಿ ತಾಲ್ಲೂಕಿನ ನಮ್ಮ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿ, ಪುನರ್ವಸತಿ ಕೇಂದ್ರದಲ್ಲಿ ಹೊಸ ಮನೆಗಳು ಏಳತೊಡಗಿದಾಗ ನಾನು ತಂದೆಯವರ ಕೈಕೆಳಗೆ ಗೌಂಡಿ ಕೆಲಸ ಕಲಿತೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಗೆ ನನ್ನನ್ನು ನಿಲ್ಲಿಸಿದವರು ನಾನು ಗೋಡೆ ಎತ್ತಿಕೊಟ್ಟ ಮನೆಗಳವರೇ. ಆ ಚುನಾವಣೆಗೆ ಪಕ್ಷದ ಚಿಹ್ನೆ ಇರುವುದಿಲ್ಲವಾದ್ದರಿಂದ ಮನೆಮನೆಗೆ ನಡೆದೇ ಮತ ಕೇಳಿದೆ. ಒಬ್ಬ ಅಜ್ಜಿ, "ತಮ್ಮಾ, ನೀ ಕಟ್ಟಿದ ಮಾಳಿಗಿ ಇನ್ನೂ ಸೋರಿಲ್ಲ, ಈಗ ಮನಿ ಮುಂದಿನ ಗಟಾರ ನೋಡು" ಎಂದರು.

ಗೆದ್ದ ಮೇಲೆ ಮೊದಲು ಕಲಿಯಬೇಕಾದದ್ದು ಹಣದ ದಾರಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಜನ ಕೇಳುತ್ತಿದ್ದದ್ದು ರಸ್ತೆಯನ್ನು. ಈ ಮೀಸಲು ಹಣ ರಸ್ತೆಗೆ ಬರುವುದಿಲ್ಲ ಎಂದು ವಾರ್ಡ್ ಸಭೆಯಲ್ಲಿ ತಿಳಿಸಿ ಹೇಳುವುದು ಗೋಡೆ ಕಟ್ಟುವುದಕ್ಕಿಂತ ಕಷ್ಟವಾಯಿತು.

ಎರಡನೆಯ ವರ್ಷ ನನ್ನ ವಾರ್ಡಿಗೆ 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ರಸ್ತೆ ಮಂಜೂರಾಯಿತು. ಅಂದರೆ 45 ಘನ ಮೀಟರ್ ಕಾಂಕ್ರೀಟ್. ಸ್ಥಳಕ್ಕೆ ಹೋಗಿ ನೋಡಿದರೆ ಕಾಂಕ್ರೀಟ್ ತಡೆಯಲು ಎರಡೂ ಬದಿ ನಿಲ್ಲಿಸಿದ ಹಲಗೆಗಳ ಬಳಿ ಆಳ ಸರಿಯಾಗಿಯೇ ಇತ್ತು, ಆದರೆ ನಡುವೆ ತಳದ ಗರಸನ್ನು (ಕಲ್ಲುಮಿಶ್ರಿತ ಮಣ್ಣು) ಉಬ್ಬಿಸಿ ಹಾಕಿದ್ದರು. ಕಾಂಕ್ರೀಟ್ ಬಿದ್ದ ಮೇಲೆ ಯಾರೇ ಬಂದು ಅಂಚಿನಲ್ಲಿ ಅಳೆದರೂ 15 ಸೆಂಟಿಮೀಟರೇ ಸಿಗುತ್ತಿತ್ತು. ಹಲಗೆಯಿಂದ ಹಲಗೆಗೆ ನೂಲು ಎಳೆದು ನಡುವೆ ಅಳತೆ ಪಟ್ಟಿ ಇಳಿಸಿದಾಗ ಸಿಕ್ಕಿದ್ದು 10 ಸೆಂಟಿಮೀಟರ್. ಅಂಚಿನ ತುಸು ಜಾಗ ಬಿಟ್ಟು ಇಡೀ ಅಗಲಕ್ಕೂ ಉದ್ದಕ್ಕೂ ಹಾಗೆಯೇ ಇದ್ದರೆ ಹತ್ತಿರಹತ್ತಿರ 15 ಘನ ಮೀಟರ್ ಖೋತಾ. ಒಂದು ಭಾಗ ಸಿಮೆಂಟಿಗೆ ಒಂದೂವರೆ ಭಾಗ ಉಸುಕು, ಮೂರು ಭಾಗ ಖಡಿ (ಜಲ್ಲಿ) ಎಂಬ ಮಿಶ್ರಣದಲ್ಲಿ ಒಂದು ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟ್ ಹಿಡಿಯುತ್ತದೆ. ಸುಮಾರು 120 ಚೀಲ ಸಿಮೆಂಟ್ ಕಾಗದದಲ್ಲಷ್ಟೇ ಉಳಿಯುತ್ತಿತ್ತು. ಈ ನೂಲಿನ ಲೆಕ್ಕ ಯಾವ ಗೌಂಡಿಗೂ ಗೊತ್ತು. ಸಭೆಯಲ್ಲಿ ಕೂತವರಿಗೆ ಗೊತ್ತಿರಲಿಲ್ಲ.

ಆಗ ನಾನು ತಪ್ಪು ಮಾಡಿದೆ. ಕೆಲಸಗಾರರ ಮುಂದೆಯೇ ಗುತ್ತಿಗೆದಾರರ ಮೇಲೆ ಕೂಗಾಡಿದೆ; ಕೆಲಸ ನಿಂತಿತು, ಹದಿನೈದು ದಿನ ಓಣಿಯವರು ಅಗೆದ ದಾರಿಯಲ್ಲೇ ಓಡಾಡಿ ನನ್ನನ್ನೇ ಬೈದರು. ಆಮೇಲೆ ಅಭಿವೃದ್ಧಿ ಅಧಿಕಾರಿಗಳಿಗೆ ಬರಹದಲ್ಲಿ ಕೊಟ್ಟೆ: ಕಾಂಕ್ರೀಟ್ ಹಾಕುವ ಮೊದಲೇ, ಎಂಜಿನಿಯರ್ ಮತ್ತು ಓಣಿಯ ಜನರ ಎದುರು, ನಡುಭಾಗದಲ್ಲಿ ಮೂರು ಕಡೆ ಅಳತೆಯಾಗಬೇಕು. ಗರಸು ತೆಗೆಸಿದರು. ಅದು ಏಪ್ರಿಲ್ ಬಿಸಿಲು. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದು ಒಣಗದಂತೆ ಮಣ್ಣಿನ ಬದು ಕಟ್ಟಿ ನೀರು ನಿಲ್ಲಿಸುವುದನ್ನು ಓಣಿಯ ಹೆಣ್ಣುಮಕ್ಕಳಿಗೆ ತೋರಿಸಿದೆ, ಅವರು ಹತ್ತು ದಿನ ಬಿಡದೆ ನೀರು ಹಾಕಿದರು.

ಇದರ ಬೆಲೆಯನ್ನೂ ಹೇಳಬೇಕು. ಪಂಚಾಯಿತಿ ಕಾಮಗಾರಿಯಲ್ಲಿ ಪಾಲಿರುವ ಸದಸ್ಯ 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಅನರ್ಹನಾಗುತ್ತಾನೆ. ಆ ನಿಯಮ ನ್ಯಾಯವಾದದ್ದೇ. ಆದರೆ ಊರಲ್ಲಿ ನಡೆಯುವ ಗಟಾರ, ಅಂಗನವಾಡಿ ಕಟ್ಟಡಗಳ ಕೆಲಸದಿಂದ ನಾನು ದೂರ ನಿಂತಾಗ ನನ್ನ ಜೊತೆಗಿದ್ದ ನಾಲ್ವರು ಕೈಯಾಳುಗಳೂ ಬಾಗಲಕೋಟೆಯ ನವನಗರಕ್ಕೆ ಕೆಲಸ ಹುಡುಕಿಕೊಂಡು ಹೋಗಬೇಕಾಯಿತು. ಸದಸ್ಯನ ಗೌರವಧನ ಗೌಂಡಿಯ ಕೆಲವೇ ದಿನಗಳ ಪಗಾರಕ್ಕೆ ಸಮ. ಸಭೆಯ ದಿನ ಆ ಪಗಾರವೂ ಇಲ್ಲ.

ಗ್ಡಾನ್ಸ್ಕ್ ಹಡಗುಕಟ್ಟೆಯ ಎಲೆಕ್ಟ್ರಿಷಿಯನ್ ವಲೆಸಾ 1990ರಲ್ಲಿ ಪೋಲೆಂಡಿನ ಅಧ್ಯಕ್ಷರಾಗಿ ಆಯ್ಕೆಯಾದರು, ಲೇತ್ ಕೆಲಸ ಮಾಡಿದ ಲೂಲಾ ಬ್ರೆಜಿಲ್ ಅಧ್ಯಕ್ಷರಾದರು. ಅವರ ಹಿಂದೆ ಕಾರ್ಖಾನೆಯ ಸಂಘಟನೆಯಿತ್ತು. ಬೆಳಿಗ್ಗೆ ಕೂಲಿ ಕೆಲಸಕ್ಕಾಗಿ ನಾಕಾದಲ್ಲಿ ನಿಂತು ಒಬ್ಬೊಬ್ಬರಾಗಿ ಚದುರಿಹೋಗುವ ನಮಗೆ ಸದ್ಯಕ್ಕೆ ವಾರ್ಡೇ ಸಂಘಟನೆ ಎಂದು ನಾನು ತಿಳಿದಿದ್ದೇನೆ. ಈಗ ಬೇರೆ ವಾರ್ಡಿನವರೂ ಕಾಂಕ್ರೀಟ್ ಹಾಕುವ ಹಿಂದಿನ ದಿನ ಫೋನ್ ಮಾಡುತ್ತಾರೆ. ಕೆಲಸ ಮುಗಿಸಿ ಸಂಜೆ ನೂಲು, ಪಟ್ಟಿ ತೆಗೆದುಕೊಂಡು ಹೋಗುತ್ತೇನೆ; ಅಳೆಯುವುದನ್ನು ಮಾತ್ರ ಆ ಓಣಿಯವರ ಕೈಯಿಂದಲೇ ಮಾಡಿಸುತ್ತೇನೆ.